ಡಾಕ್ಟರ ಕೈ ಪಳಗುವುದು ಎಲ್ಲಿ?

ಡಾಕ್ಟರು ಮೊಟ್ಟಮೊದಲ ಆಪರೇಷನ್ ಮಾಡುವುದು ಯಾರ ಮೇಲೆ? ಈ ಪ್ರಶ್ನೆ ದೊಡ್ಡವರ ಮನಸ್ಸಿನಲ್ಲೂ ಇರುತ್ತದೆ. ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಕೇಳುವವರು ಮಾತ್ರ ಮಕ್ಕಳು. ಕೇಳಬೇಕಾದ ಪ್ರಶ್ನೆಯೇ ಇದು. ಸೈಕಲ್ ಕಲಿಯುವಾಗ ಬಿದ್ದರೆ ತರಚುವುದು ನಮ್ಮದೇ ಮಂಡಿ. ಆಪರೇಷನ್ ಕಲಿಯುವವರ ಕೈ ತಪ್ಪಿದರೆ ನೋವಾಗುವುದು ಮೇಜಿನ ಮೇಲೆ ಮಲಗಿದವರಿಗೆ. ಹಾಗಾದರೆ ಕಲಿಯುವುದಾದರೂ ಹೇಗೆ?

ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಬಹಳ ಹಿಂದೆಯೇ ಉತ್ತರ ಹುಡುಕಿದ್ದರು. ಸುಶ್ರುತ ಸಂಹಿತೆ ಎಂಬ ಪ್ರಾಚೀನ ವೈದ್ಯಗ್ರಂಥದ ಸೂತ್ರಸ್ಥಾನದಲ್ಲಿ ಒಂಬತ್ತನೆಯ ಅಧ್ಯಾಯ ಇದಕ್ಕೆಂದೇ ಇದೆ. ಶಿಷ್ಯರು ಕೊಯ್ಯುವುದನ್ನು ಕುಂಬಳಕಾಯಿ, ಸೋರೆಕಾಯಿ, ಕಲ್ಲಂಗಡಿ, ಸೌತೆಕಾಯಿಗಳ ಮೇಲೆ ಕಲಿಯಬೇಕು. ರಕ್ತನಾಳ ಚುಚ್ಚುವುದನ್ನು ನೈದಿಲೆಯ ದಂಟಿನ ಮೇಲೆ, ಹೊಲಿಗೆ ಹಾಕುವುದನ್ನು ದಪ್ಪ ಬಟ್ಟೆ ಮತ್ತು ಮೆದು ಚರ್ಮದ ಅಂಚಿನ ಮೇಲೆ, ಪಟ್ಟಿ ಕಟ್ಟುವುದನ್ನು ಬೊಂಬೆಯ ಮೇಲೆ ಕಲಿಯಬೇಕು. ಶಾಸ್ತ್ರವನ್ನೆಲ್ಲ ಓದಿ ಮುಗಿಸಿದ್ದರೂ ಈ ಅಭ್ಯಾಸ ಮಾಡದವನು ಕೆಲಸಕ್ಕೆ ಬಾರನು ಎಂದು ಆ ಅಧ್ಯಾಯ ಖಂಡಿತವಾಗಿ ಹೇಳುತ್ತದೆ. ನೈದಿಲೆಯ ದಂಟನ್ನು ಯಾಕೆ ಆರಿಸಿದರು ಎಂದು ಒಂದು ಕ್ಷಣ ಯೋಚಿಸಿ. ಅದು ಮೆದು, ಒಳಗೆ ಕೊಳವೆ ಕೊಳವೆಯಾಗಿರುತ್ತದೆ, ಸ್ವಲ್ಪ ಜೋರಾಗಿ ಒತ್ತಿದರೆ ನಜ್ಜುಗುಜ್ಜಾಗುತ್ತದೆ. ಯಾವ ಕೆಲಸಕ್ಕೆ ಯಾವ ವಸ್ತು ಎಂದು ಕೈಯಲ್ಲಿ ಹಿಡಿದು ನೋಡಿಯೇ ಆರಿಸಿದ್ದಾರೆ.

ಇಂದಿನ ಡಾಕ್ಟರುಗಳೂ ವರ್ಷಗಟ್ಟಲೆ ಕಲಿಯುತ್ತಾರೆ. ಹಿರಿಯ ಸರ್ಜನ್ ಪಕ್ಕದಲ್ಲಿ ನಿಂತು ನೋಡುತ್ತಿದ್ದಾಗ ಸ್ವಲ್ಪ ಸ್ವಲ್ಪವೇ ಕೆಲಸಕ್ಕೆ ಕೈ ಹಾಕುತ್ತಾರೆ. ಆದರೆ ಸುಮಾರು ನಲವತ್ತು ವರ್ಷಗಳ ಹಿಂದೆ ಹೊಸದೊಂದು ಬಗೆಯ ಆಪರೇಷನ್ ಬಂತು. ಜರ್ಮನಿಯ ಸರ್ಜನ್ ಎರಿಕ್ ಮ್ಯೂಹೆ 1985ರಲ್ಲಿ ಹೊಟ್ಟೆಯನ್ನು ಉದ್ದಕ್ಕೆ ಸೀಳದೆ, ಸಣ್ಣ ತೂತುಗಳ ಮೂಲಕವೇ ಪಿತ್ತಕೋಶವನ್ನು ಹೊರತೆಗೆದರು. ಇದಕ್ಕೆ ಲ್ಯಾಪರೋಸ್ಕೋಪಿ ಎನ್ನುತ್ತಾರೆ. ನಿಮ್ಮ ಮನೆಯಲ್ಲೇ ಯಾರಾದರೂ ಮಾಡಿಸಿಕೊಂಡಿರಬಹುದು. ಹೊಟ್ಟೆಯೊಳಕ್ಕೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ ಉಬ್ಬಿಸಿ ಜಾಗ ಮಾಡಿಕೊಳ್ಳುತ್ತಾರೆ. ಒಂದು ತೂತಿನಿಂದ ಕ್ಯಾಮೆರಾ, ಇನ್ನುಳಿದ ತೂತುಗಳಿಂದ ಉದ್ದ ಕಡ್ಡಿಯಂಥ ಉಪಕರಣಗಳು ಒಳಗೆ ಹೋಗುತ್ತವೆ. ಗಾಯ ಬೇಗ ಮಾಯುತ್ತದೆ, ನೋವೂ ಕಡಿಮೆ. ರೋಗಿಗೆ ಇದು ದೊಡ್ಡ ಉಪಕಾರ, ಸರ್ಜನ್‌ಗೆ ಮಾತ್ರ ದೊಡ್ಡ ಪರೀಕ್ಷೆ.

ಆ ಪರೀಕ್ಷೆ ಎಂಥದು ಎಂದು ತಿಳಿಯಲು ಒಂದು ರಟ್ಟಿನ ಡಬ್ಬಿ, ಒಂದು ಉದ್ದ ಪೆನ್ಸಿಲ್ ತನ್ನಿ. ಡಬ್ಬಿಯ ಪಕ್ಕದಲ್ಲಿ ತೂತು ಮಾಡಿ ಪೆನ್ಸಿಲನ್ನು ಅರ್ಧ ಒಳಗೆ ತೂರಿಸಿ. ಈಗ ಹೊರಗಿನ ತುದಿಯನ್ನು ಎಡಕ್ಕೆ ಸರಿಸಿ. ಒಳಗಿನ ತುದಿ ಬಲಕ್ಕೆ ಹೋಯಿತು, ಅಲ್ಲವೇ? ಮೇಲೆತ್ತಿದರೆ ಕೆಳಗಿಳಿಯುತ್ತದೆ. ಹೊಟ್ಟೆಯ ಗೋಡೆಯಲ್ಲಿರುವ ತೂತೂ ಹೀಗೆಯೇ, ಎಲ್ಲವನ್ನೂ ತಿರುಗುಮುರುಗು ಮಾಡುತ್ತದೆ. ಅದು ಸಾಲದು ಎಂಬಂತೆ ಸರ್ಜನ್ ತಮ್ಮ ಕೈ ಎಲ್ಲಿದೆಯೋ ಅಲ್ಲಿ ನೋಡುವಂತಿಲ್ಲ, ಎದುರಿನ ಪರದೆಯನ್ನು ನೋಡಬೇಕು. ಪರದೆ ಚಪ್ಪಟೆ. ಯಾವುದು ಹತ್ತಿರ, ಯಾವುದು ದೂರ ಎಂಬುದು ಸುಲಭವಾಗಿ ಗೊತ್ತಾಗುವುದಿಲ್ಲ. ಬೆರಳಿನಿಂದ ಮುಟ್ಟಿ ನೋಡೋಣವೆಂದರೆ ಬೆರಳು ಒಳಗಿಲ್ಲ. ಹತ್ತಾರು ವರ್ಷ ಅನುಭವವಿದ್ದ ಸರ್ಜನ್‌ಗಳು ಕೂಡ ಈ ಹೊಸ ವಿಧಾನವನ್ನು ಮೊದಲಿನಿಂದ ಕಲಿಯಬೇಕಾಯಿತು. ಕುಂಬಳಕಾಯಿ ಇಲ್ಲಿ ಸಾಕಾಗಲಿಲ್ಲ.

ಆಗ ಕೆಲವರು ವಿಮಾನದ ಪೈಲಟ್‌ಗಳ ಕಡೆ ನೋಡಿದರು. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ 1929ರಲ್ಲೇ, ತಮ್ಮ ತಂದೆಯ ಆರ್ಗನ್ ವಾದ್ಯದ ಕಾರ್ಖಾನೆಯಲ್ಲಿದ್ದ ತಿದಿಗಳನ್ನೂ ಪಂಪುಗಳನ್ನೂ ಬಳಸಿ, ನೆಲದ ಮೇಲೆಯೇ ಓಲಾಡುವ ಪುಟ್ಟ ವಿಮಾನ ಮಾಡಿದ್ದರು. ಪೈಲಟ್‌ಗಳು ಅದರಲ್ಲಿ ಕೂತು ಹಾರುವುದನ್ನು ಕಲಿತರು, ಎಷ್ಟು ಸಲ ತಪ್ಪಿದರೂ ಯಾರಿಗೂ ಪೆಟ್ಟಾಗಲಿಲ್ಲ. ಇಂಥದ್ದೇ ಒಂದು ಯಂತ್ರ ಸರ್ಜನ್‌ಗಳಿಗೂ ಬೇಕು ಎಂದು ಅಮೆರಿಕದ ಸರ್ಜನ್ ರಿಚರ್ಡ್ ಸತಾವಾ 1993ರಲ್ಲಿ ಬರೆದರು. ಅವರು ಮುಂದಿಟ್ಟದ್ದು ವರ್ಚುವಲ್ ರಿಯಾಲಿಟಿ, ಅಂದರೆ ಕಂಪ್ಯೂಟರ್ ಕಟ್ಟಿಕೊಡುವ ತೋರಿಕೆಯ ಲೋಕ. ಇದನ್ನು ಚಿಕ್ಕದಾಗಿ ವಿ.ಆರ್. ಎನ್ನುತ್ತಾರೆ. ಇಂದಿನ ವಿ.ಆರ್. ಹೆಡ್‌ಸೆಟ್ ಎರಡು ಕಣ್ಣಿಗೂ ಸ್ವಲ್ಪ ಬೇರೆ ಬೇರೆ ಚಿತ್ರ ತೋರಿಸುತ್ತದೆ. ಮಿದುಳು ಎರಡನ್ನೂ ಬೆಸೆದು ಆಳವನ್ನು ಕಾಣುತ್ತದೆ. ನೀವು ತಲೆ ತಿರುಗಿಸಿದ ಕೂಡಲೇ ಚಿತ್ರವೂ ತಿರುಗಬೇಕು. ತಡವಾದರೆ ಮಿದುಳಿಗೆ ಮೋಸ ತಿಳಿದುಬಿಡುತ್ತದೆ, ಬಸ್ಸಿನಲ್ಲಿ ಆಗುವಂತೆ ಹೊಟ್ಟೆ ತೊಳಸುತ್ತದೆ.

ಆದರೆ ಈ ಕತೆಯಲ್ಲಿ ನನಗೆ ತುಂಬ ಇಷ್ಟವಾದ ಯಂತ್ರಕ್ಕೆ ಹೆಡ್‌ಸೆಟ್ಟೇ ಇರಲಿಲ್ಲ. ಅದು ತೀರ ಸರಳವಾದದ್ದು. ಒಂದು ಕಂಪ್ಯೂಟರ್, ಅದರ ಮುಂದೆ ನಿಜವಾದ ಉಪಕರಣಗಳಂಥ ಎರಡು ಹಿಡಿಕೆ, ಕಾಲ ಬಳಿ ಒಂದು ಪೆಡಲ್. ಅದರ ಹೆಸರು ಮಿಸ್ಟ್-ವಿ.ಆರ್. ಪರದೆಯ ಮೇಲೆ ರಕ್ತವಿಲ್ಲ, ಕರುಳಿಲ್ಲ. ಒಂದು ಚೆಂಡು, ಒಂದು ಚೌಕಟ್ಟು, ಕೆಲವು ಪುಟ್ಟ ಡಬ್ಬಿಗಳು, ಅಷ್ಟೇ. ಒಂದು ಕೈಯಿಂದ ಚೆಂಡನ್ನು ಹಿಡಿದು ಚೌಕಟ್ಟಿನೊಳಗೆ ಅಲುಗದಂತೆ ನಿಲ್ಲಿಸಬೇಕು. ಇನ್ನೊಂದು ಕೈಯ ಉಪಕರಣದಿಂದ ಪುಟ್ಟ ಡಬ್ಬಿಯನ್ನು ಮುಟ್ಟಿ, ಕಾಲಿನಿಂದ ಪೆಡಲ್ ಒತ್ತಿ, ಅದನ್ನು ಸುಟ್ಟುಬಿಡಬೇಕು. ಚೆಂಡು ಚೌಕಟ್ಟಿನಿಂದ ಆಚೆ ಸರಿದರೆ ತಪ್ಪು. ಬೇರೆ ಕಡೆ ತಗುಲಿದಾಗ ಪೆಡಲ್ ಒತ್ತಿದರೆ ತಪ್ಪು. ಎಷ್ಟು ಹೊತ್ತು ಹಿಡಿಯಿತು, ಉಪಕರಣದ ತುದಿ ಸುಮ್ಮಸುಮ್ಮನೆ ಎಷ್ಟು ದೂರ ಅಲೆಯಿತು ಎಂಬುದನ್ನೂ ಕಂಪ್ಯೂಟರ್ ಲೆಕ್ಕ ಇಡುತ್ತದೆ.

ಚೆಂಡು ಹಿಡಿಯುವ ಆಟ ಆಡಿದವರು ಪಿತ್ತಕೋಶದ ಆಪರೇಷನ್ ಚೆನ್ನಾಗಿ ಮಾಡುತ್ತಾರೆಯೇ? ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷಿಸಿದರು. ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಕಲಿಯುತ್ತಿದ್ದ 16 ಯುವ ಸರ್ಜನ್‌ಗಳನ್ನು ಎಂಟೆಂಟು ಜನರ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ತರಬೇತಿ ಮಾತ್ರ. ಇನ್ನೊಂದು ಗುಂಪಿಗೆ ಅದರ ಜೊತೆಗೆ ಈ ಯಂತ್ರ. ಯಂತ್ರದ ಮುಂದೆ ಇಷ್ಟು ಗಂಟೆ ಕೂರಬೇಕು ಎಂಬ ನಿಯಮ ಇರಲಿಲ್ಲ. ಪಳಗಿದ ಸರ್ಜನ್‌ಗಳು ಅದೇ ಯಂತ್ರದಲ್ಲಿ ತೋರಿಸಿದ ಮಟ್ಟವನ್ನು ಮುಟ್ಟುವ ತನಕ ಅಭ್ಯಾಸ ಮಾಡಬೇಕಿತ್ತು. ಕೆಲವರಿಗೆ ಬೇಗ ಬರುತ್ತದೆ, ಕೆಲವರಿಗೆ ತಡವಾಗಿ ಬರುತ್ತದೆ. ಬರುವ ತನಕ ಬಿಡುವಂತಿಲ್ಲ. ಶಾಲೆಗಳಲ್ಲೂ ಹೀಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಅನ್ನಿಸುತ್ತದೆ.

ಆಮೇಲೆ ಹದಿನಾರು ಜನರೂ ಹಿರಿಯ ಸರ್ಜನ್ ಜೊತೆಯಲ್ಲಿ ನಿಜವಾದ ಆಪರೇಷನ್ನಿನಲ್ಲಿ ಪಿತ್ತಕೋಶವನ್ನು ಬಿಡಿಸಿದರು. ವಿಡಿಯೊ ನೋಡಿ ತಪ್ಪು ಎಣಿಸಿದವರಿಗೆ ಯಾರು ಯಾವ ಗುಂಪು ಎಂದು ತಿಳಿಸಿರಲಿಲ್ಲ. ಪಕ್ಷಪಾತ ಆಗಬಾರದೆಂದು ವಿಜ್ಞಾನಿಗಳು ಮಾಡುವ ಉಪಾಯ ಇದು. ಯಂತ್ರದಲ್ಲಿ ಪಳಗಿದವರು ಶೇಕಡಾ 29ರಷ್ಟು ಬೇಗ ಮುಗಿಸಿದರು. ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ. ಯಂತ್ರ ಮುಟ್ಟದ ಗುಂಪಿನವರು ಪಿತ್ತಕೋಶಕ್ಕೆ ಗಾಯ ಮಾಡುವ, ಸುಡಬಾರದ ಜಾಗ ಸುಡುವ ಸಂಭವ ಐದು ಪಟ್ಟು ಹೆಚ್ಚಿತ್ತು. ಮುಂದೆ ಏನು ಮಾಡಬೇಕೆಂದು ತೋಚದೆ ಕೈ ನಿಂತುಬಿಡುವ ಸಂಭವ ಒಂಬತ್ತು ಪಟ್ಟು ಹೆಚ್ಚಿತ್ತು.

ಬರೀ ಚೆಂಡಿನಾಟ ಇಷ್ಟೆಲ್ಲ ಹೇಗೆ ಮಾಡಿತು? ಇದರ ಗುಟ್ಟು ಅರ್ಥವಾಗಬೇಕಾದರೆ ನೀವು ಒಬ್ಬ ಹುಡುಗನನ್ನು ಭೇಟಿಯಾಗಬೇಕು.

ಅವನ ಹೆಸರು ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ. ಹಂಗೇರಿಯ ಕುಟುಂಬ, ಹುಟ್ಟಿದ್ದು 1934ರಲ್ಲಿ. ಎರಡನೆಯ ಮಹಾಯುದ್ಧ ಅವನ ಬಾಲ್ಯವನ್ನು ಕಸಿದುಕೊಂಡಿತು. ಇಟಲಿಯ ಒಂದು ಸೆರೆಶಿಬಿರದಲ್ಲಿ ಇರಬೇಕಾಗಿ ಬಂದಾಗ ಅವನು ಚದುರಂಗ ಆಡಲು ಕಲಿತ. ಆಟಕ್ಕೆ ಕೂತರೆ ಸುತ್ತಲಿನ ಭಯವೆಲ್ಲ ಮರೆತುಹೋಗುತ್ತಿತ್ತು, ಗಂಟೆಗಳು ಕಳೆದದ್ದೇ ಗೊತ್ತಾಗುತ್ತಿರಲಿಲ್ಲ. ದೊಡ್ಡವನಾಗಿ ಅಮೆರಿಕಕ್ಕೆ ಹೋಗಿ ಮನಶ್ಶಾಸ್ತ್ರ ಓದಿದ ಮೇಲೂ ಆ ಅನುಭವ ಅವರನ್ನು ಬಿಡಲಿಲ್ಲ. ಮನುಷ್ಯರು ಹೀಗೆ ಮೈಮರೆಯುವುದು ಯಾವಾಗ ಎಂದು ತಿಳಿಯಲು ಬಂಡೆ ಹತ್ತುವವರನ್ನು, ಚದುರಂಗದ ಆಟಗಾರರನ್ನು, ನರ್ತಕರನ್ನು ಮಾತಾಡಿಸಿದರು. ಸರ್ಜನ್‌ಗಳನ್ನೂ ಮಾತಾಡಿಸಿದರು. 1975ರಲ್ಲಿ ಬಂದ ಅವರ ಪುಸ್ತಕದಲ್ಲಿ ಸರ್ಜನ್‌ಗಳ ಅನುಭವಕ್ಕೆ ಒಂದು ಅಧ್ಯಾಯವೇ ಇದೆ. ಕೆಲಸದಲ್ಲಿ ಮುಳುಗಿದ ಆ ಸ್ಥಿತಿಗೆ ಅವರು ‘ಫ್ಲೋ’ ಎಂದು ಹೆಸರಿಟ್ಟರು. ನಾವು ತನ್ಮಯತೆ ಎನ್ನೋಣ.

ನೀವೂ ಅದನ್ನು ಕಂಡವರೇ. ಚಿತ್ರ ಬಿಡಿಸುತ್ತಾ ಕೂತಾಗ ಅಮ್ಮ ಮೂರು ಸಲ ಊಟಕ್ಕೆ ಕರೆದದ್ದು ಕೇಳಿಸಿರುವುದಿಲ್ಲ. ಅದು ಉದಾಸೀನವಲ್ಲ, ಮನಸ್ಸು ಪೂರ್ತಿಯಾಗಿ ಬೇರೆ ಕಡೆ ಇತ್ತು. ಹೀಗಾಗಲು ಏನೇನು ಬೇಕು ಎಂಬುದನ್ನೂ ಚಿಕ್‌ಸೆಂಟ್‌ಮಿಹಾಯಿ ಕಂಡುಕೊಂಡರು. ಏನು ಮಾಡಬೇಕೆಂಬುದು ಸ್ಪಷ್ಟವಾಗಿರಬೇಕು. ಮಾಡಿದ್ದು ಸರಿಯೋ ತಪ್ಪೋ ಎಂಬುದು ಕೂಡಲೇ ತಿಳಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೆಲಸದ ಕಷ್ಟವೂ ನಮ್ಮ ಕೈಯ ಶಕ್ತಿಯೂ ಹೆಚ್ಚುಕಡಿಮೆ ಸಮವಾಗಿರಬೇಕು. ತೀರ ಸುಲಭವಾದರೆ ಬೇಜಾರು ಬಂದು ಮನಸ್ಸು ಕಿಟಕಿಯಾಚೆ ಹೋಗುತ್ತದೆ. ತೀರ ಕಷ್ಟವಾದರೆ ಎದೆ ಡವಡವ ಹೊಡೆದುಕೊಂಡು, ಅಂಗೈ ಬೆವರಿ, ಗೊತ್ತಿದ್ದದ್ದೂ ಮರೆತುಹೋಗುತ್ತದೆ.

ಈಗ ಆ ಚೆಂಡಿನ ಯಂತ್ರವನ್ನು ಮತ್ತೆ ನೋಡಿ. ಗುರಿ ಕಣ್ಣೆದುರಿಗೇ ಇದೆ. ತಪ್ಪಾದ ಆ ಕ್ಷಣವೇ ಪರದೆ ಹೇಳುತ್ತದೆ. ಒಂದು ಹಂತ ಬಂದ ಮೇಲೆ ಅದಕ್ಕಿಂತ ಸ್ವಲ್ಪ ಕಷ್ಟದ ಹಂತ. ನಿಜವಾದ ಆಪರೇಷನ್ ಕೋಣೆಯಲ್ಲಿ ಕಷ್ಟವನ್ನು ಹೀಗೆ ಅಳೆದು ಸುರಿಯಲು ಬರುವುದಿಲ್ಲ. ಇಂದು ಬಂದ ರೋಗಿಯ ಕಾಯಿಲೆ ಸುಲಭದ್ದೋ ಕಷ್ಟದ್ದೋ, ಅದು ಕಲಿಯುವವರ ಮಟ್ಟ ಕೇಳಿ ಬರುವುದಿಲ್ಲ. ಆದ್ದರಿಂದಲೇ, ಚಿತ್ರ ಎಷ್ಟು ನಿಜದಂತೆ ಕಾಣುತ್ತದೆ ಎಂಬುದಕ್ಕಿಂತ ಅಭ್ಯಾಸವನ್ನು ಎಷ್ಟು ಹದವಾಗಿ ಜೋಡಿಸಿದ್ದಾರೆ ಎಂಬುದೇ ದೊಡ್ಡದು ಎಂದು ನಾನು ನಂಬುತ್ತೇನೆ.

ಏಕಾಗ್ರತೆ ಇರುವುದು ತಲೆಯೊಳಗೆ. ತಲೆ ತೆರೆಯದೆ ಅದನ್ನು ನೋಡುವುದು ಹೇಗೆ? ಕತ್ತಲೆಯಲ್ಲಿ ಮೊಬೈಲಿನ ಟಾರ್ಚ್ ಮೇಲೆ ಬೆರಳಿಟ್ಟು ನೋಡಿ. ಬೆರಳು ಕೆಂಪಗೆ ಹೊಳೆಯುತ್ತದೆ. ಕೆಂಪು ಬೆಳಕು, ಅದಕ್ಕೂ ಆಚೆಗಿನ ಕಣ್ಣಿಗೆ ಕಾಣದ ಬೆಳಕು ಚರ್ಮ, ಮೂಳೆಗಳನ್ನು ಸ್ವಲ್ಪ ಮಟ್ಟಿಗೆ ದಾಟುತ್ತವೆ. ಆಮ್ಲಜನಕ ತುಂಬಿದ ರಕ್ತವೂ ಅದು ಖಾಲಿಯಾದ ರಕ್ತವೂ ಈ ಬೆಳಕನ್ನು ಬೇರೆ ಬೇರೆಯಾಗಿ ಹೀರಿಕೊಳ್ಳುತ್ತವೆ. ಕೊರೊನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುತ್ತಿದ್ದ ಪುಟ್ಟ ಆಕ್ಸಿಮೀಟರ್ ಕೆಲಸ ಮಾಡುತ್ತಿದ್ದುದು ಇದೇ ಗುಟ್ಟಿನಿಂದ. ಅದೇ ಬೆಳಕನ್ನು ಹಣೆಗೆ, ನೆತ್ತಿಗೆ ಹಾಯಿಸಿದರೆ ಮಿದುಳಿನ ಹೊರಪದರದ ಯಾವ ಭಾಗ ಹೆಚ್ಚು ಆಮ್ಲಜನಕ ತರಿಸಿಕೊಳ್ಳುತ್ತಿದೆ, ಅಂದರೆ ಯಾವ ಭಾಗ ಹೆಚ್ಚು ದುಡಿಯುತ್ತಿದೆ ಎಂದು ಅಳೆಯಬಹುದು.

ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ, ಅಮೆರಿಕದ ಕೆಲವು ಪ್ರಯೋಗಾಲಯಗಳಲ್ಲಿ ಸರ್ಜನ್‌ಗಳ ತಲೆಗೆ ಇಂಥ ಬೆಳಕಿನ ಟೋಪಿ ತೊಡಿಸಿ ನೋಡಿದರು. ಹೊಸದಾಗಿ ಕಲಿಯುವವರಲ್ಲಿ ಹಣೆಯ ಹಿಂದಿನ ಮಿದುಳು ತುಂಬ ದುಡಿಯುತ್ತಿತ್ತು. ಯೋಚಿಸುವುದು, ನಿರ್ಧರಿಸುವುದು, ಗಮನ ಹಿಡಿದಿಡುವುದು ಆ ಭಾಗದ ಕೆಲಸ. ‘ಎಡಕ್ಕೆ ಹೋಗಬೇಕು, ಹಾಗಾದರೆ ಕೈ ಬಲಕ್ಕೆ’ ಎಂದು ಪ್ರತಿ ಹೆಜ್ಜೆಗೂ ಲೆಕ್ಕ ಹಾಕುತ್ತಿದ್ದರೆ ಮತ್ತೇನಾದೀತು? ಪಳಗಿದವರಲ್ಲಿ ಆ ಭಾಗ ಅಷ್ಟು ದುಡಿಯುತ್ತಿರಲಿಲ್ಲ. ಕೈಕಾಲಿನ ಚಲನೆಯನ್ನು ನಡೆಸುವ ಭಾಗಗಳು ಕೆಲಸವನ್ನು ವಹಿಸಿಕೊಂಡಿದ್ದವು. ಹಣೆಯ ಹಿಂದೆ ಹೀಗೆ ಬಿಡುವು ಸಿಕ್ಕಿದರೆ ರೋಗಿಯ ಬಗ್ಗೆ, ಮುಂದೆ ಎದುರಾಗಬಹುದಾದ ಅಪಾಯದ ಬಗ್ಗೆ ಯೋಚಿಸಲು ಜಾಗವಾಗುತ್ತದೆ.

ಕಣ್ಣುಗಳೂ ಗುಟ್ಟು ಬಿಟ್ಟುಕೊಡುತ್ತವೆ. ಕೆನಡಾದ ಸಂಶೋಧಕರು 2004ರಲ್ಲಿ ಕಂಪ್ಯೂಟರಿನ ತೋರಿಕೆಯ ಆಪರೇಷನ್ನಿನಲ್ಲಿ ಯಾರು ಎಲ್ಲಿ ನೋಡುತ್ತಾರೆ ಎಂದು ಅಳೆದರು. ಹೊಸಬರ ಕಣ್ಣು ಉಪಕರಣದ ತುದಿಯ ಹಿಂದೆಯೇ ಓಡಾಡುತ್ತಿತ್ತು. ಪಳಗಿದವರ ಕಣ್ಣು ಹೆಚ್ಚಾಗಿ ಮುಟ್ಟಬೇಕಾದ ಜಾಗದಲ್ಲೇ ನಿಂತಿರುತ್ತಿತ್ತು. ಎಲ್ಲಿ ನೋಡಬೇಕೆಂದು ಹೊಸಬರಿಗೆ ಮೊದಲೇ ಕಲಿಸಿದರೆ ಕೈಯೂ ಬೇಗ ಕಲಿಯುತ್ತದೆ ಎಂದು ಆಮೇಲೆ ಇಂಗ್ಲೆಂಡಿನಲ್ಲಿ ನಡೆದ ಪ್ರಯೋಗಗಳು ತೋರಿಸಿದವು.

ಈ ಏಕಾಗ್ರತೆಯನ್ನು ಯಾರಾದರೂ ಕೆಡಿಸಿದರೆ? ಅಮೆರಿಕದ ಒರೆಗಾನ್ ರಾಜ್ಯದಲ್ಲಿ ನಡೆದ, 2012ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಇದನ್ನೇ ಕೇಳಿತು. ಕಲಿಯುತ್ತಿದ್ದ 18 ಯುವ ಸರ್ಜನ್‌ಗಳು ವಿ.ಆರ್. ಯಂತ್ರದಲ್ಲಿ ಪಿತ್ತಕೋಶದ ಆಪರೇಷನ್ ಮಾಡಿದರು. ಒಂದು ಸಲ ನಿಶ್ಶಬ್ದದಲ್ಲಿ, ಇನ್ನೊಂದು ಸಲ ಗದ್ದಲದ ನಡುವೆ. ಆಸ್ಪತ್ರೆಯಲ್ಲಿ ನಡೆಯುವಂಥದ್ದೇ ಗದ್ದಲ. ಮೊಬೈಲ್ ರಿಂಗಾಗುವುದು, ಲೋಹದ ತಟ್ಟೆ ಠಣ್ಣೆಂದು ಬೀಳುವುದು, ಪಕ್ಕದವರು ಹರಟುವುದು, ಯಾರೋ ಬಂದು ಬೇರೊಬ್ಬ ರೋಗಿಯ ಬಗ್ಗೆ ಪ್ರಶ್ನೆ ಕೇಳುವುದು. ನಿಶ್ಶಬ್ದದಲ್ಲಿ ಗಂಭೀರ ತಪ್ಪು ಮಾಡಿದವರು 18ರಲ್ಲಿ ಒಬ್ಬರು. ಗದ್ದಲದಲ್ಲಿ ಎಂಟು ಮಂದಿ! ಹೆಚ್ಚು ತಪ್ಪು ಮಾಡಿಸಿದ್ದು ಎದುರು ನಿಂತು ಕೇಳಿದ ಪ್ರಶ್ನೆ, ಅದರ ನಂತರ ಪಕ್ಕದ ಹರಟೆ. ಉತ್ತರ ಕೊಡಬೇಕಾದ ಮಾತು ಹಣೆಯ ಹಿಂದಿನ ಅದೇ ಜಾಗಕ್ಕೆ ಕೈ ಹಾಕುತ್ತದೆ. ಹೊಸಬರಲ್ಲಿ ಆ ಜಾಗ ಮೊದಲೇ ಭರ್ತಿಯಾಗಿರುತ್ತದೆ. ಇಂಥ ಸಂಗತಿಯನ್ನು ನಿಜವಾದ ರೋಗಿಯ ಮೇಲೆ ಪರೀಕ್ಷಿಸುವುದು ಘೋರ ಅನ್ಯಾಯವಾಗುತ್ತಿತ್ತು. ವಿ.ಆರ್. ಇದ್ದುದರಿಂದಲೇ ಯಾರಿಗೂ ನೋವಾಗದೆ ಇದು ತಿಳಿಯಿತು.

ಹಾಗಂತ ಮುಳುಗಿದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಬಾಸ್ಟನ್ನಿನಲ್ಲಿ ವಿಜ್ಞಾನಿಗಳು ಶ್ವಾಸಕೋಶದ ಸ್ಕ್ಯಾನ್ ಚಿತ್ರಗಳಲ್ಲಿ ಸಣ್ಣ ಗಂಟುಗಳನ್ನು ಹುಡುಕಲು 24 ತಜ್ಞ ವೈದ್ಯರಿಗೆ ಹೇಳಿದರು. ಚಿತ್ರದಲ್ಲಿ ಗುಟ್ಟಾಗಿ ಒಂದು ಗೊರಿಲ್ಲಾವನ್ನೂ ಸೇರಿಸಿದ್ದರು. ಅದು ಸರಾಸರಿ ಗಂಟಿಗಿಂತ 48 ಪಟ್ಟು ದೊಡ್ಡದಿತ್ತು. 2013ರಲ್ಲಿ ಪ್ರಕಟವಾದ ಫಲಿತಾಂಶ ಓದಿ ಎಲ್ಲರೂ ಬೆರಗಾದರು. 20 ಮಂದಿಗೆ ಗೊರಿಲ್ಲಾ ಕಂಡೇ ಇರಲಿಲ್ಲ. ಅವರಲ್ಲಿ ಎಷ್ಟೋ ಜನರ ಕಣ್ಣು ನೇರವಾಗಿ ಅದರ ಮೇಲೆಯೇ ಹಾದುಹೋಗಿತ್ತು. ಗಂಟನ್ನೇ ಹುಡುಕುವ ಮನಸ್ಸಿಗೆ ಗೊರಿಲ್ಲಾ ಬೇಕಿರಲಿಲ್ಲ.

ಅದಕ್ಕೇ ಆಪರೇಷನ್ ಕೋಣೆಯಲ್ಲಿ ಸರ್ಜನ್ ಒಬ್ಬರೇ ಇರುವುದಿಲ್ಲ. ಅರಿವಳಿಕೆ ಕೊಡುವ ಡಾಕ್ಟರು ರೋಗಿಯ ಉಸಿರು, ರಕ್ತದೊತ್ತಡಗಳ ಮೇಲೆ ಕಣ್ಣಿಟ್ಟಿರುತ್ತಾರೆ. ನರ್ಸ್ ಸೂಜಿಗಳನ್ನೂ ಬಟ್ಟೆಯ ತುಂಡುಗಳನ್ನೂ ಎಣಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಒಂದು ತಪಾಸಣಾ ಪಟ್ಟಿಯನ್ನೇ ಹೊರತಂದಿತು. ಅರಿವಳಿಕೆಗೆ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿಯನ್ನು ಕೋಣೆಯಿಂದ ಕಳಿಸುವ ಮೊದಲು ಎಲ್ಲರೂ ಕೈ ನಿಲ್ಲಿಸಿ, ಹೆಸರು, ಜಾಗ, ಲೆಕ್ಕಗಳನ್ನು ಗಟ್ಟಿಯಾಗಿ ಹೇಳಿ ಖಚಿತಪಡಿಸಿಕೊಳ್ಳಬೇಕು. ತನ್ಮಯತೆಯನ್ನು ಬೇಕೆಂದೇ ಮುರಿಯುವ ಕ್ಷಣಗಳು ಇವು. ಸರ್ಜನ್ ಆಗುವವರು ಮುಳುಗುವುದನ್ನೂ ಕಲಿಯಬೇಕು, ತಲೆಯೆತ್ತಿ ನೋಡುವುದನ್ನೂ ಕಲಿಯಬೇಕು.

ನಿಮ್ಮಲ್ಲಿ ಯಾರೋ ಕೇಳುತ್ತೀರಿ, ‘ಹಾಗಾದರೆ ಮೊಬೈಲಿನಲ್ಲಿ ಗೇಮ್ ಆಡಿದರೆ ಸರ್ಜನ್ ಆಗಬಹುದೇ?’ ನ್ಯೂಯಾರ್ಕಿನಲ್ಲಿ 33 ಸರ್ಜನ್‌ಗಳನ್ನು ಪರೀಕ್ಷಿಸಿದಾಗ, ಹಿಂದೆ ವಾರಕ್ಕೆ ಮೂರು ಗಂಟೆಗಿಂತ ಹೆಚ್ಚು ವಿಡಿಯೊ ಗೇಮ್ ಆಡುತ್ತಿದ್ದವರು ಅಭ್ಯಾಸದ ಕೆಲಸಗಳಲ್ಲಿ ಶೇಕಡಾ 37ರಷ್ಟು ಕಡಿಮೆ ತಪ್ಪು ಮಾಡಿದ್ದು ನಿಜ. ಆದರೆ ಆಟದಿಂದ ಕೈ ಚುರುಕಾಯಿತೋ, ಚುರುಕು ಕೈಯವರೇ ಆಟಕ್ಕೆ ಒಲಿದರೋ ಎಂದು ಇಂಥ ಪರೀಕ್ಷೆ ಹೇಳಲಾರದು. ಅವರೆಲ್ಲ ಅದಕ್ಕೆ ಮೊದಲು ವರ್ಷಗಟ್ಟಲೆ ವೈದ್ಯಕೀಯ ಓದಿದ್ದರು ಎಂಬುದೂ ನೆನಪಿರಲಿ.

ಗೇಮ್ ಬದಲು ನಾನೊಂದು ಕೆಲಸ ಹೇಳುತ್ತೇನೆ. ಕಾಗದದ ಮೇಲೆ ಒಂದು ನಕ್ಷತ್ರ ಬರೆದು, ಅದರ ಸುತ್ತ ಸ್ವಲ್ಪ ಜಾಗ ಬಿಟ್ಟು ಇನ್ನೊಂದು ನಕ್ಷತ್ರ ಬರೆಯಿರಿ. ಕಾಗದದಾಚೆ ಒಂದು ಕನ್ನಡಿ ನಿಲ್ಲಿಸಿ. ಕೈ ನೇರವಾಗಿ ಕಾಣದಂತೆ ಒಂದು ಪುಸ್ತಕ ಅಡ್ಡ ಇಡಿ. ಈಗ ಕನ್ನಡಿಯನ್ನಷ್ಟೇ ನೋಡುತ್ತಾ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಿ. ಕೈ ಮಾತು ಕೇಳುವುದಿಲ್ಲ. ಮೂಲೆ ಬಂದಾಗ ಪೆನ್ಸಿಲ್ ಅಲ್ಲೇ ನಡುಗುತ್ತಾ ನಿಂತುಬಿಡುತ್ತದೆ. ಲ್ಯಾಪರೋಸ್ಕೋಪಿಯ ಮೊದಲ ದಿನ ಸರ್ಜನ್‌ಗೆ ಆಗುವುದೂ ಇದೇ.

ಈ ಕನ್ನಡಿ ನಕ್ಷತ್ರ ವಿಜ್ಞಾನದಲ್ಲಿ ಬಹಳ ಹೆಸರಾದದ್ದು. ಅಮೆರಿಕದ ಹೆನ್ರಿ ಮೊಲೈಸನ್ ಎಂಬವರಿಗೆ 1953ರಲ್ಲಿ ಮೂರ್ಛೆರೋಗಕ್ಕಾಗಿ ಮಿದುಳಿನ ಆಪರೇಷನ್ ಆದ ಮೇಲೆ ಹೊಸ ಸಂಗತಿ ಯಾವುದೂ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಮೂರು ದಿನ ಅವರಿಂದ ಈ ನಕ್ಷತ್ರ ಬರೆಸಿದರು. ಮಾರನೆಯ ದಿನ ಬಂದಾಗ, ಹಿಂದೆ ಬರೆದದ್ದೇ ಅವರಿಗೆ ನೆನಪಿರಲಿಲ್ಲ. ಆದರೂ ಅವರ ಗೆರೆ ದಿನದಿಂದ ದಿನಕ್ಕೆ ಸರಿಯಾಗುತ್ತಾ ಹೋಯಿತು. ನಡೆದದ್ದನ್ನು ನೆನಪಿಡುವ ಮಿದುಳಿನ ಭಾಗ ಬೇರೆ, ಕೈಗೆ ಕೆಲಸ ಕಲಿಸುವ ಭಾಗ ಬೇರೆ ಎಂಬುದು ಹೀಗೆ ತಿಳಿಯಿತು.

ನೀವು ಇದನ್ನು ಐದು ದಿನ ಮಾಡಿ ನೋಡಿ. ಎಷ್ಟು ಸೆಕೆಂಡ್ ಹಿಡಿಯಿತು, ಗೆರೆ ಎಷ್ಟು ಸಲ ದಾಟಿತು ಎಂದು ದಿನವೂ ಬರೆದಿಡಿ. ಐದನೆಯ ದಿನ ಇನ್ನೊಂದು ಸಲ ಬರೆಯಿರಿ. ಆಗ ಅಕ್ಕನನ್ನೋ ತಮ್ಮನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಹದಿಮೂರರ ಮಗ್ಗಿ ಕೇಳುತ್ತಾ ಇರಲು ಹೇಳಿ. ಎರಡೂ ಲೆಕ್ಕಗಳನ್ನು ನಮಗೆ ಬರೆದು ಕಳಿಸಿ. ತಪ್ಪಿದ ಗೆರೆಗಳನ್ನು ಅಳಿಸಬೇಡಿ, ಅವನ್ನೂ ಎಣಿಸಿ ಬರೆಯಿರಿ.